ಆಟದ ಮಣೆಯ ಮೇಲೆ ಅರ್ಕಾವತಿ

ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ನಮ್ಮ ಹಿರಿಯರು ಪರಮಪದ ಸೋಪಾನದ ಪಟವನ್ನು ಹಾಸಿಕೊಂಡು ಕೂರುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಸದ್ಗುಣಕ್ಕೆ ಏಣಿ, ದುರ್ಗುಣಕ್ಕೆ ಹಾವು. ಆಡುತ್ತ ಆಡುತ್ತಲೇ ನೀತಿಯು ಮನಸ್ಸಿಗೆ ಇಳಿಯಲಿ ಎಂಬುದು ಅದರ ಉದ್ದೇಶ. ನಾನು ಕಾಲೇಜಿನ ಕೆಲಸದಿಂದ ನಿವೃತ್ತನಾದ ಮೇಲೆ, ಪರಿಸರ ಸಂರಕ್ಷಣೆಯನ್ನು ಕುರಿತು ಮಕ್ಕಳಿಗೆ ಏನಾದರೂ ಹೇಳಬೇಕೆಂದು ರಾಮನಗರ ತಾಲ್ಲೂಕಿನ ಶಾಲೆಯೊಂದರಿಂದ ಕರೆ ಬಂದಿತು. ಆಗ ನನಗೆ ನೆನಪಾದದ್ದು ಆ ಪಟವೇ. ಉಪನ್ಯಾಸ ಬೇಡ, ಒಂದು ಆಟವನ್ನೇ ಕಟ್ಟೋಣ ಎಂದುಕೊಂಡೆ.

ಹಳೆಯ ಪಟಕ್ಕೆ ಹೊಸ ನೀತಿಯನ್ನು ತೊಡಿಸಿದೆ. ಗಿಡ ನೆಟ್ಟರೆ ಏಣಿ, ಮರ ಕಡಿದರೆ ಹಾವು. ಕೆರೆಯ ಹೂಳೆತ್ತಿದರೆ ಏಣಿ, ಕೆರೆಗೆ ಕಸ ಸುರಿದರೆ ಹಾವು. ಮಕ್ಕಳು ಸಂಭ್ರಮದಿಂದಲೇ ಆಡಿದರು. ಗುರಿ ಮುಟ್ಟಲಿದ್ದ ಹುಡುಗನೊಬ್ಬ ಹಾವಿನ ಬಾಯಿಗೆ ಬಿದ್ದಾಗ ನಾನು, "ನೋಡಪ್ಪ, ಮರ ಕಡಿದುದರ ಫಲ" ಎಂದೆ. ಅವನು ನಗುತ್ತ, "ನಾನೆಲ್ಲಿ ಕಡಿದೆ ಸಾರ್? ದಾಳ ಕಡಿಯಿತು" ಎಂದ.

ಆ ಹುಡುಗ ಹೇಳಿದ್ದು ನಿಜ. ಪರಮಪದದ ಪಟದಲ್ಲಿ ದಾಳವನ್ನು ವಿಧಿಯೆಂದು ತಿಳಿಯಬಹುದು. ಆದರೆ ಕೆರೆ ಬತ್ತಿದ್ದಕ್ಕೆ ವಿಧಿಯನ್ನು ಹೊಣೆ ಮಾಡಬಹುದೆ? ಆಯ್ಕೆಯಿಲ್ಲದ ಕಡೆ ಹೊಣೆಯೂ ಇರದು. ಪಟದ ಮೇಲೆ ನಾನು ಬರೆದಿದ್ದ ಮಾತು ಒಂದು, ಆಟದ ನಿಯಮವು ಕಲಿಸುತ್ತಿದ್ದುದು ಇನ್ನೊಂದು.

ಈ ಪೇಚು ನನ್ನೊಬ್ಬನದೇ ಅಲ್ಲ. ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ಒಂದು ಆಟಕ್ಕೆ ಪೇಟೆಂಟ್ ಪಡೆದರು. ಭೂಮಿಯೆಲ್ಲ ಕೆಲವರ ಕೈಸೇರಿದರೆ ಉಳಿದವರ ಗತಿಯೇನಾಗುತ್ತದೆ ಎಂದು ತೋರಿಸುವುದೇ ಅದರ ಗುರಿ. ಆದರೆ ಅದರಿಂದ ಹುಟ್ಟಿ 1935ರಿಂದ ಲೋಕಪ್ರಸಿದ್ಧವಾದ ಮೊನಾಪಲಿಯಲ್ಲಿ, ಉಳಿದವರನ್ನೆಲ್ಲ ದಿವಾಳಿ ಮಾಡಿದವನೇ ಗೆದ್ದವನು! ಆಟವು ಕಲಿಸುವುದು ತನ್ನ ನಿಯಮವನ್ನೇ ಹೊರತು ತನ್ನ ಪೀಠಿಕೆಯನ್ನಲ್ಲ.

ದಾಳವಿಲ್ಲದ ಆಟವೊಂದು ನಮ್ಮ ಮನೆಗಳಲ್ಲೇ ಇತ್ತಷ್ಟೆ: ಅಳಗುಳಿಮಣೆ. ಗುಳಿಯಿಂದ ಗುಳಿಗೆ ಹುಣಿಸೆಬೀಜ ಸಾಗುವ ಆ ಮಣೆಯಲ್ಲಿ ನನಗೆ ನದಿಯೇ ಕಂಡಿತು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಮಾಗಡಿ ಸೀಮೆಯನ್ನು ಹಾದು, ಮಂಚನಬೆಲೆಯ ಜಲಾಶಯದಲ್ಲಿ ತಂಗಿ, ರಾಮನಗರದ ನಡುವೆ ಹರಿದು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಮೂರು ಊರುಗಳಿಗೆ ಮೂರು ಗುಳಿ, ಮೂವರು ಮಕ್ಕಳು. ಪ್ರತಿ ಸುತ್ತಿನಲ್ಲಿಯೂ ಮಾಗಡಿಯ ಗುಳಿಗೆ ಹನ್ನೆರಡು ಬೀಜ ಬೀಳುತ್ತವೆ. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಕೆಳಕ್ಕೆ ಬಿಡಬೇಕು. ಮೂರು ಬೀಜಕ್ಕೆ ಒಂದು ಬೆಳೆ.

ಚನ್ನಪಟ್ಟಣ ಈ ಹೊಳೆಯ ದಂಡೆಯಲ್ಲಿಲ್ಲ. ಆದರೆ ಅಲ್ಲಿನ ಬೊಂಬೆಗಳಿಗೆ ಆಲೆಮರ ಬೇಕು. ಆದ್ದರಿಂದ ಅಲ್ಲಿಯೇ ಲೇತಿನ ಮೇಲೆ ಕಡೆದು ಅರಗಿನ ಬಣ್ಣ ಹಚ್ಚಿದ ಪುಟ್ಟ ಮರಗಳನ್ನು ತರಿಸಿ ಗುಳಿಗಳ ಪಕ್ಕದಲ್ಲಿ ನಿಲ್ಲಿಸಿದೆ. ಅವು ನಾಲ್ಕನೆಯ ಮಗುವಿನ ಪಾಲು. ಒಂದು ಮರ ಕಡಿದರೆ ಒಂದು ಬೊಂಬೆ ದಕ್ಕುತ್ತದೆ. ಆದರೆ ಮುಂದಿನ ಸುತ್ತಿನಲ್ಲಿ ಎಲ್ಲರಿಗೂ ಸೇರಿ ಎರಡು ಬೀಜ ಕಡಿಮೆ. ಬೇರಿಲ್ಲದ ನೆಲದಲ್ಲಿ ಮಳೆಯ ನೀರು ಇಂಗದೆ ಓಡಿಹೋಗುತ್ತದೆ, ಇಂಗದ ನೀರು ಬೇಸಗೆಯಲ್ಲಿ ಹೊಳೆಗೆ ಒಸರಲಾರದು ಎಂಬುದು ಇದರ ತಾತ್ಪರ್ಯ.

ಮಾಡಿದ್ದರ ಫಲ ತಡವಾಗಿ, ಬೇರೊಬ್ಬರಿಗೆ ತಟ್ಟುವುದನ್ನೂ ತೋರಿಸಬೇಕಿತ್ತು. ಅದಕ್ಕೆ ರಾಮದೇವರಬೆಟ್ಟದ ರಣಹದ್ದು ನೆರವಾಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಮದ್ದು, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ದೇಶದಾದ್ಯಂತ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದಿತು. ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದ್ದು 2006ರಲ್ಲಿ. ಬೆಟ್ಟವು ರಣಹದ್ದುಗಳ ಧಾಮವಾದದ್ದು 2012ರಲ್ಲಿ. ನನ್ನ ಆಟದಲ್ಲಿ ಹದ್ದಿನ ಬಿಲ್ಲೆಯನ್ನು ಎತ್ತಿದವನಿಗೆ ಕೂಡಲೇ ಒಂದು ಬೆಳೆ ಸಿಗುತ್ತದೆ. ನಷ್ಟವು ಮೂರು ಸುತ್ತು ಕಳೆದ ಮೇಲೆ ಎಲ್ಲರ ಮೇಲೂ ಬೀಳುತ್ತದೆ.

ಮೊದಲ ದಿನದ ಆಟ ಬೇಗನೆ ಮುಗಿಯಿತು. ಮಾಗಡಿಯ ಹುಡುಗ ಹನ್ನೆರಡನ್ನೂ ಇಟ್ಟುಕೊಂಡು ಗೆದ್ದೆನೆಂದು ಕುಣಿದ. ಕನಕಪುರದ ಹುಡುಗಿ ತನ್ನ ಬರಿದಾದ ಗುಳಿಯನ್ನೇ ನೋಡುತ್ತ, "ನಾನು ಏನೂ ಮಾಡಲೇ ಇಲ್ಲವಲ್ಲ ಸಾರ್, ನನ್ನದೇನು ತಪ್ಪು?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಾರನೆಯ ದಿನ ಎರಡು ನಿಯಮಗಳನ್ನು ಸೇರಿಸಿದೆ. ಒಂದು ಆಟ ಮುಗಿದೊಡನೆ ಎಲ್ಲರೂ ಜಾಗ ಬದಲಿಸಬೇಕು. ಯಾವ ಗುಳಿಯಾದರೂ ಎರಡು ಸುತ್ತು ಬರಿದಾಗಿ ಉಳಿದರೆ ನಾಲ್ವರೂ ಸೋತಂತೆ. ಗೆಲ್ಲುವವರೇ ಇಲ್ಲದಿದ್ದರೆ ಆಟದಲ್ಲಿ ರುಚಿಯೇನೆಂದು ಸ್ನೇಹಿತರೊಬ್ಬರು ಕೇಳಿದರು. ಅವರು ಬಂದು ನೋಡಬೇಕಿತ್ತು. ಹಿಂದಿನ ದಿನ ಕುಣಿದಿದ್ದ ಹುಡುಗ ಈಗ ಕನಕಪುರದಲ್ಲಿ ಕುಳಿತು, ಮೇಲಿನವರ ಕೈಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಏಳು ಸುತ್ತು ಉಳಿಯುವುದು ಹೇಗೆಂದು ನಾಲ್ವರೂ ತಲೆ ಸೇರಿಸಿ ಲೆಕ್ಕ ಹಾಕುತ್ತಿದ್ದರು.

ಆಟ ಪೂರ್ಣವಾಯಿತೆಂದು ನಾನು ತೃಪ್ತನಾಗಿದ್ದೆ. ಆಗ ಅದೇ ಹುಡುಗಿ, "ಬೆಂಗಳೂರಿನ ಗುಳಿ ಎಲ್ಲಿ ಸಾರ್?" ಎಂದಳು.

ಅದನ್ನು ನಾನು ಮರೆತೇಬಿಟ್ಟಿದ್ದೆ. 1933ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯವು ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರನ್ನು ಕೊಟ್ಟಿತು. ಬೆಂಗಳೂರು ಹಿಂದಿರುಗಿಸಿದ್ದೇನು? ನಗರದ ಕೊಳಚೆಯನ್ನು ಹೊತ್ತ ವೃಷಭಾವತಿಯು ಬೈರಮಂಗಲದ ಕೆರೆಯನ್ನು ಹಾದು ಅದೇ ಅರ್ಕಾವತಿಯನ್ನು ಕೂಡುತ್ತದೆ. ಎಲ್ಲರಿಗಿಂತ ದೊಡ್ಡ ಆಟಗಾರನನ್ನು ಮಣೆಯಿಂದ ಹೊರಗಿಟ್ಟು ನಾನು ಹಳ್ಳಿಯ ಮಕ್ಕಳಿಗೆ ಮಿತವ್ಯಯವನ್ನು ಬೋಧಿಸಿದ್ದೆ.

ನಾಲ್ಕನೆಯ ಗುಳಿಯನ್ನು ಕೊರೆಸಿದ್ದಾಯಿತು. ಮೇಲಿನಿಂದ ಬೀಜವನ್ನು ಎತ್ತಿಕೊಳ್ಳುವ, ಕೆಳಕ್ಕೆ ಕರಿಯ ಕಲ್ಲನ್ನು ಬಿಡುವ ಗುಳಿ ಅದು. ಅಲ್ಲಿ ಕುಳಿತುಕೊಳ್ಳಲು ಯಾವ ಮಗುವೂ ಒಪ್ಪಲಿಲ್ಲ. ನಿವೃತ್ತನಾದ ಮೇಲೆ ನಾನು ಮನೆ ಕಟ್ಟಿಕೊಂಡಿರುವುದು ಬೆಂಗಳೂರಿನಲ್ಲಿ. ಆದ್ದರಿಂದ ಆ ಗುಳಿಯ ಮುಂದೆ ನಾನೇ ಕುಳಿತೆ. ಎಷ್ಟು ಬೀಜ ಎತ್ತಿಕೊಳ್ಳುವೆನೆಂದು ನಾಲ್ವರೂ ನನ್ನ ಕೈಯನ್ನೇ ನೋಡುತ್ತಿದ್ದರು.