ಹನ್ನೆರಡು ಮಣಿಯ ಸರ

ಹುಡುಗಿ ದೊಡ್ಡವಳಾದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ, ಆರತಿ ಎತ್ತುತ್ತಾರೆ. ಹುಡುಗ ದೊಡ್ಡವನಾಗುವುದನ್ನು ಯಾರೂ ಕಾದು ನೋಡುವುದಿಲ್ಲ. ಜೊತೆಯವರ ದನಿ ಒಡೆದು, ಮೀಸೆ ಚಿಗುರಿ, ತನಗೆ ಮಾತ್ರ ಏನೂ ಆಗಿಲ್ಲವೆಂಬುದು ಅವನೊಬ್ಬನ ಗುಟ್ಟು. ಬಟ್ಟೆ ಬದಲಿಸುವಾಗ ಗೋಡೆಗೆ ಮುಖ ಮಾಡುತ್ತಾನೆ, ಅಪ್ಪನಿಗೂ ಹೇಳುವುದಿಲ್ಲ. ಹೇಳಿದರೂ ಸಿಗುವ ಉತ್ತರ ಒಂದೇ: ‘ಬೆಳೀತಾನೆ ಬಿಡಿ.’

ಬಹಳ ಸಲ ಆ ಮಾತು ನಿಜವೇ. ಆದರೆ ಅದನ್ನು ಪರೀಕ್ಷೆ ಮಾಡಿದ ಮೇಲೆ ಹೇಳಬೇಕು.

ಹುಡುಗರಲ್ಲಿ ಹರೆಯದ ಮೊದಲ ಗುರುತು ವೃಷಣಗಳು ದಪ್ಪಗಾಗುವುದು. ಮೀಸೆ, ದನಿ ಎಲ್ಲ ಆಮೇಲೆ. ಅದನ್ನು ಅಳೆಯಲು ಸ್ವಿಟ್ಜರ್‌ಲೆಂಡಿನ ಮಕ್ಕಳ ವೈದ್ಯ ಆಂಡ್ರಿಯಾ ಪ್ರಾಡರ್ 1966ರಲ್ಲಿ ಒಂದು ಸರ ಕೊಟ್ಟರು. ಮೊಟ್ಟೆಯಾಕಾರದ 12 ಮಣಿಗಳು, 1ರಿಂದ 25 ಮಿ.ಲೀ. ಗಾತ್ರದವರೆಗೆ. ವೈದ್ಯರು ಒಂದು ಕೈಯಲ್ಲಿ ಮಣಿ, ಇನ್ನೊಂದರಲ್ಲಿ ವೃಷಣ ಮುಟ್ಟಿ ಹೋಲಿಸುತ್ತಾರೆ. 4 ಮಿ.ಲೀ. ಮಣಿಗೆ ಸಮನಾದರೆ ಹರೆಯ ಶುರುವಾಗಿದೆ ಎಂದರ್ಥ. 14 ತುಂಬಿದರೂ ಅಷ್ಟಾಗದಿದ್ದರೆ ತಡವಾಗಿದೆ. ಎರಡು ನಿಮಿಷದ ಕೆಲಸ. ನಾಚಿಕೆಗೆ ಅಂಜಿ ಇದನ್ನು ಬಿಟ್ಟು ಟಾನಿಕ್ ಬರೆದು ಕಳಿಸಿದರೆ ಹುಡುಗನನ್ನು ನೋಡಿದಂತೆಯೇ ಅಲ್ಲ.

ಆಮೇಲೆ ಎಡ ಮಣಿಕಟ್ಟಿನ ಎಕ್ಸ್‌ರೇ. ಹದಿನಾಲ್ಕೂವರೆಯ ಹುಡುಗನ ಮೂಳೆ ಹನ್ನೆರಡರದ್ದಾಗಿದ್ದರೆ ಅವನ ಗಡಿಯಾರವೇ ನಿಧಾನ ಇರಬಹುದು. ಆಗ ಅಪ್ಪನನ್ನು ಕೇಳಬೇಕು. ‘ನಾನೂ ಪಿಯುಸಿಗೆ ಬಂದ ಮೇಲೇ ಉದ್ದವಾದದ್ದು’ ಎನ್ನುವ ಅಪ್ಪಂದಿರು ಬಹಳ. ತಡವಾದ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಈ ಗುಂಪಿನವರು. ಉಳಿದವರಲ್ಲಿ ಥೈರಾಯ್ಡ್ ಕೊರತೆ, ಮೂತ್ರಪಿಂಡದ ಕಾಯಿಲೆ, ಗೋಧಿ ಒಗ್ಗದ ಸೀಲಿಯಾಕ್ ರೋಗ ಇರಬಹುದು. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳಲ್ಲಿ ಕಬ್ಬಿಣಾಂಶ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಲ್ಲಿ ಕೂತು ಹರೆಯವನ್ನು ತಡೆಯಬಹುದು.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ವಿಚಿತ್ರವಾಗಿ ಕಾಣಬಹುದು: ‘ಒಗ್ಗರಣೆ ವಾಸನೆ ಗೊತ್ತಾಗುತ್ತಾ?’ ಗರ್ಭದಲ್ಲಿ, ಹರೆಯಕ್ಕೆ ಸೂಚನೆ ಕೊಡುವ ನರಕೋಶಗಳು ಹುಟ್ಟುವುದು ಮೂಗಿನ ಕಡೆ. ವಾಸನೆಯ ನರಗಳ ಜಾಡು ಹಿಡಿದು ಅವು ಮಿದುಳಿಗೆ ನಡೆದು ಹೋಗುತ್ತವೆ. ಆ ದಾರಿ ಮುರಿದರೆ ವಾಸನೆಯೂ ಇಲ್ಲ, ಹರೆಯವೂ ಇಲ್ಲ. ಇದು ಕಾಲ್‌ಮನ್ ಸಿಂಡ್ರೋಮ್. ಇಂಥ ಹುಡುಗನಿಗೆ ‘ಕಾಯಿರಿ’ ಎಂದರೆ ಅವನ ವರ್ಷಗಳನ್ನು ಕಳೆದಂತೆ. ಅವನಿಗೆ ಸಾಮಾನ್ಯವಾಗಿ ದೀರ್ಘಕಾಲದ ಹಾರ್ಮೋನ್ ಚಿಕಿತ್ಸೆ ಬೇಕು. ಮುಂದೆ ಮಕ್ಕಳಾಗಬೇಕೆಂದರೆ ಅದಕ್ಕೆ ಬೇರೆ ಇಂಜೆಕ್ಷನ್‌ಗಳಿವೆ.

ರಕ್ತ ಪರೀಕ್ಷೆಯೂ ಬೇಕು. ಬೆಳಗಿನ ರಕ್ತದಲ್ಲಿ, ಪಿಟ್ಯುಟರಿಯಿಂದ ವೃಷಣಕ್ಕೆ ಸೂಚನೆ ಒಯ್ಯುವ ಹಾರ್ಮೋನ್‌ಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಏರಿದ್ದರೆ ತೊಂದರೆ ವೃಷಣದಲ್ಲೇ. ಕಡಿಮೆಯಿದ್ದರೆ ಮೇಲಿನಿಂದ ಸೂಚನೆ ಬಂದಿಲ್ಲ.

ಬರೀ ನಿಧಾನದ ಹುಡುಗನೂ ಒಳಗೊಳಗೇ ಕುಗ್ಗಿಹೋಗಿದ್ದರೆ ತಿಂಗಳಿಗೊಮ್ಮೆ ಸಣ್ಣ ಪ್ರಮಾಣದ ಟೆಸ್ಟೋಸ್ಟಿರಾನ್ ಇಂಜೆಕ್ಷನ್, 3ರಿಂದ 6 ತಿಂಗಳು ಕೊಡುತ್ತಾರೆ. ಪ್ರಮಾಣ ಮೀರಿದರೆ ಮೂಳೆಯ ತುದಿಗಳು ಬೇಗ ಕೂಡಿಕೊಂಡು ಎತ್ತರ ಅಲ್ಲಿಗೇ ನಿಲ್ಲುತ್ತದೆ. ಜಿಮ್‌ನಲ್ಲಿ ಸಿಗುವ ಸ್ಟಿರಾಯ್ಡ್ ಸೂಜಿಯ ಅಪಾಯವೂ ಇದೇ. ಔಷಧ ನಿಲ್ಲಿಸಿದ ಮೇಲೆ ಮತ್ತೆ ಆ ಸರ ಹೊರಗೆ ಬರುತ್ತದೆ. ಟೆಸ್ಟೋಸ್ಟಿರಾನ್‌ನಿಂದ ವೃಷಣ ದಪ್ಪಗಾಗುವುದಿಲ್ಲ. ಹಾಗಾಗಿ 3ರ ಮಣಿಯಲ್ಲಿದ್ದವನು 6ಕ್ಕೆ ಬಂದಿದ್ದರೆ, ಅದು ಅವನ ಮೈಯೇ ಮಾಡಿದ ಕೆಲಸ.