ಕೋವಿ ಮತ್ತು ತೋಟಾದ ಹೊಂದಾಣಿಕೆ

ಕೋವಿಯ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಭಾಗಕ್ಕೆ ಚೇಂಬರ್ ಎಂದು ಹೆಸರು. ಅದರ ವ್ಯಾಸ, ಉದ್ದ ಹಾಗೂ ತಾಳಿಕೆಗೆ ತಕ್ಕ ತೋಟಾವನ್ನೇ ಬಳಸುವುದನ್ನು ಕೋವಿ ಮತ್ತು ತೋಟಾದ ಹೊಂದಾಣಿಕೆ ಎನ್ನಬಹುದು. ತೋಟಾ ಚೇಂಬರಿನೊಳಗೆ ಸಲೀಸಾಗಿ ಇಳಿಯಿತು ಎಂಬುದು ಹೊಂದಾಣಿಕೆಗೆ ಪುರಾವೆಯಲ್ಲ. ಒಳಗೆ ಹೋಗದ ತೋಟಾ ಯಾರಿಗೂ ಹಾನಿ ಮಾಡುವುದಿಲ್ಲ. ನಳಿಗೆ ಸಿಡಿಯುವುದು ಒಳಗೆ ಹೋಗುವ ತಪ್ಪು ತೋಟಾದಿಂದಲೇ.

ಕರ್ನಾಟಕದಲ್ಲಿ ಬಳಕೆ

ಉಡುಪಿ ಜಿಲ್ಲೆಯ ಶಂಕರನಾರಾಯಣ, ಹಾಲಾಡಿ, ಸಿದ್ದಾಪುರ, ಅಮಾಸೆಬೈಲು ಮುಂತಾದ ಘಟ್ಟದ ತಪ್ಪಲಿನ ಊರುಗಳಲ್ಲಿ ಕಾಡುಹಂದಿ ಮತ್ತು ಮಂಗಗಳ ಕಾಟದಿಂದ ಗದ್ದೆ, ತೋಟಗಳನ್ನು ಕಾಯಲು ರೈತರು ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಕೋವಿ ಇಟ್ಟುಕೊಳ್ಳುತ್ತಾರೆ. ಈ ಪರವಾನಗಿ ಬೇಟೆಗೆ ಅನುಮತಿಯಲ್ಲ. ವನ್ಯಜೀವಿಗಳ ವಿಷಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ಅನ್ವಯವಾಗುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದ್ದು, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು.

ಈ ಪ್ರದೇಶಗಳ ಕೋವಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಳಿಗೆಯ ಬಾಯಿಯಿಂದ ಮದ್ದು, ಚರೆಗಳನ್ನು ತುಂಬಿ ಗಜದಿಂದ ಜಡಿಯುವುದು ಕೇಪಿನ ಕೋವಿ. ಇದಕ್ಕೆ ಚೇಂಬರ್ ಇಲ್ಲ. ನಳಿಗೆಯ ಹಿಂಬದಿಯಿಂದ ಸಿದ್ಧ ತೋಟಾ ಹಾಕುವುದು ತೋಟಾ ಕೋವಿ. ಇದು ಒಂಟಿ ನಳಿಗೆ ಅಥವಾ ಜೋಡು ನಳಿಗೆಯದಾಗಿದ್ದು, ಸಾಮಾನ್ಯವಾಗಿ 12 ಬೋರಿನದಾಗಿರುತ್ತದೆ.

ಬೋರ್ ಮತ್ತು ಉದ್ದ

ನಳಿಗೆಯ ಒಳವ್ಯಾಸಕ್ಕೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೆ ಎಂಬ ಸಂಖ್ಯೆಯೇ ಬೋರ್. ಆದ್ದರಿಂದ ಸಂಖ್ಯೆ ಹೆಚ್ಚಿದಂತೆ ನಳಿಗೆ ಸಣ್ಣದಾಗುತ್ತದೆ: 12 ಬೋರಿನ ಒಳವ್ಯಾಸ ಸುಮಾರು 18.5 ಮಿ.ಮೀ., 20 ಬೋರಿನದು ಸುಮಾರು 15.6 ಮಿ.ಮೀ. ಈ ವ್ಯತ್ಯಾಸದಲ್ಲೇ ಅತ್ಯಂತ ಕುಖ್ಯಾತವಾದ ಅಪಾಯ ಅಡಗಿದೆ. 20 ಬೋರಿನ ತೋಟಾವನ್ನು 12 ಬೋರಿನ ಕೋವಿಗೆ ಹಾಕಿದರೆ ಅದರ ಅಂಚು ಚೇಂಬರಿನ ಬಾಯಲ್ಲಿ ನಿಲ್ಲದೆ, ತೋಟಾ ಮುಂದಕ್ಕೆ ಜಾರಿ ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದರೆ ಈಡು ಹಾರುವುದಿಲ್ಲ. ಕೋವಿ ಬಿಚ್ಚಿ ನೋಡಿದರೆ ಚೇಂಬರ್ ಖಾಲಿ ಕಾಣುತ್ತದೆ. ಅದರ ಹಿಂದೆ 12 ಬೋರಿನ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಅದೂ ಸಾಮಾನ್ಯವಾಗಿ ಎಡಗೈ ಹಿಡಿದಿರುವ ಜಾಗದ ಸಮೀಪ. ಈ ಕಾರಣಕ್ಕೆ 20 ಬೋರಿನ ತೋಟಾಗಳಿಗೆ ಹಳದಿ ಹೊದಿಕೆ ಕೊಡುವ ರೂಢಿ ಬಂದಿದೆ. ಮಾತಿನಲ್ಲಿ ಎಲ್ಲವೂ ‘ತೋಟಾ’ ಆಗಿರುವ ಮನೆಯಲ್ಲಿ ಎರಡು ಬೋರಿನ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ ಇಡದಿರುವುದು ಬಣ್ಣಕ್ಕಿಂತ ಭದ್ರವಾದ ಉಪಾಯ.

ಬೋರ್ ಒಂದೇ ಆದರೂ ಉದ್ದ ಬೇರೆಯಾಗಬಹುದು. 12 ಬೋರಿನ ಚೇಂಬರುಗಳು 65, 70, 76 ಮಿ.ಮೀ. ಉದ್ದಗಳಲ್ಲಿವೆ, ಹಳೆಯ ಕೋವಿಗಳಲ್ಲಿ 65 ಮಿ.ಮೀ. ಸಾಮಾನ್ಯ. ತೋಟಾದ ಮೇಲೆ ಮುದ್ರಿಸಿರುವ ಉದ್ದ ಹೊಡೆದ ನಂತರದ್ದು. ಹೊಡೆಯುವ ಮೊದಲು ಅದರ ಬಾಯಿ ಒಳಕ್ಕೆ ಮಡಚಿಕೊಂಡಿರುವುದರಿಂದ 70 ಮಿ.ಮೀ. ತೋಟಾ 65 ಮಿ.ಮೀ. ಚೇಂಬರಿಗೂ ಇಳಿಯುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಂಡು ಕಿರಿದಾದ ಭಾಗಕ್ಕೆ ಚಾಚುತ್ತದೆ. ಚರೆಯ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಚೇಂಬರಿನ ಉದ್ದವನ್ನು ಸಾಮಾನ್ಯವಾಗಿ ನಳಿಗೆಯ ಮೇಲಿನ ಗುರುತಿನಿಂದ ತಿಳಿಯಬಹುದು. ಗುರುತು ಅಳಿಸಿದ್ದರೆ ಅರಿತ ಕೋವಿ ದುರಸ್ತಿಗಾರನಿಂದ ಅಳತೆ ಮಾಡಿಸಬೇಕು.

ಮದ್ದಿನ ಬಗೆ

ಕಪ್ಪು ಮದ್ದಿಗಾಗಿ ತಯಾರಾದ ಹಳೆಯ ಕೋವಿಗಳು, ಮುಖ್ಯವಾಗಿ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ನಳಿಗೆಯವು, ಈಗಿನ ಹೊಗೆರಹಿತ ಮದ್ದಿನ ಒತ್ತಡಕ್ಕೆ ತಾಳುವವೆಂದು ಭಾವಿಸಲಾಗದು. ತೋಟಾ ಒಡೆದು ಅದರ ಮದ್ದನ್ನು ಕೇಪಿನ ಕೋವಿಗೆ ತುಂಬುವುದು ಇನ್ನೂ ಅಪಾಯಕಾರಿ.

ರೈಫಲ್

ರೈಫಲ್ಲಿನಲ್ಲಿ ಒತ್ತಡ ಚರೆ ಕೋವಿಗಿಂತ ಬಹಳ ಹೆಚ್ಚು. ಇಲ್ಲಿ ಗುಂಡಿನ ವ್ಯಾಸವಷ್ಟೇ ಅಲ್ಲ, ಹಿತ್ತಾಳೆ ಕೋಶದ ಉದ್ದ ಮತ್ತು ಭುಜದ ಆಕಾರವೂ ಚೇಂಬರಿಗೆ ಹೊಂದಬೇಕು. ಭಾರತದಲ್ಲಿ ನಾಗರಿಕರಿಗೆ ದೊರೆಯುವ .315 ರೈಫಲ್ ಇದಕ್ಕೆ ಒಳ್ಳೆಯ ಉದಾಹರಣೆ. ನೋಟಕ್ಕೆ ಅದು ಸೇನೆಯ .303 ರೈಫಲ್ಲನ್ನೇ ಹೋಲುತ್ತದೆ. ಆದರೆ ಅದರ ತೋಟಾ 50 ಮಿ.ಮೀ. ಕೋಶದ್ದು, .303ರದು 56 ಮಿ.ಮೀ. ಕೋಶದ್ದು. ಒಂದರ ತೋಟಾ ಇನ್ನೊಂದಕ್ಕೆ ಸಲ್ಲದು. ಇದಕ್ಕಿಂತ ಮೋಸಗೊಳಿಸುವ ಜೋಡಿ ಅಮೆರಿಕದ್ದು: .300 ಬ್ಲ್ಯಾಕ್‌ಔಟ್ ತೋಟಾ ಕೆಲವೊಮ್ಮೆ .223 ರೈಫಲ್ಲಿನೊಳಗೆ ಕೂರುತ್ತದೆ. ದೊಡ್ಡ ಗುಂಡು ಸಣ್ಣ ನಳಿಗೆಯಲ್ಲಿ ಸಾಗಲಾರದೆ ರೈಫಲ್ ಒಡೆಯುತ್ತದೆ. ರೈಫಲ್ಲಿನ ನಳಿಗೆಯ ಮೇಲಿನ ಬರಹ ಮತ್ತು ತೋಟಾದ ಬುಡದ ಬರಹ ಪೂರ್ಣವಾಗಿ ಒಂದೇ ಆಗಿರಬೇಕು. ಸಂಖ್ಯೆಯ ಮೊದಲ ಭಾಗ ಮಾತ್ರ ಹೊಂದಿದರೆ ಸಾಲದು.

ಮಳೆಗಾಲ ಮತ್ತು ಠೇವಣಿ

ಕರಾವಳಿಯ ತೇವದಲ್ಲಿ ಕಾಗದದ ತೋಟಾ ಉಬ್ಬುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಉಬ್ಬಿದ ತೋಟಾವನ್ನು ಒತ್ತಿ ಕೂರಿಸಬಾರದು. ಚುನಾವಣೆಯ ಸಮಯದಲ್ಲಿ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟ ಕೋವಿ ಮರಳಿ ಬಂದಾಗ, ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಹಿಂಬದಿಯಿಂದ ನಳಿಗೆಯೊಳಗೆ ಬೆಳಕು ಹಾಯುವುದೇ ಎಂದು ನೋಡಬೇಕು. ಹುಳುಗಳು ಕಟ್ಟಿದ ಮಣ್ಣಿನ ಗೂಡೂ ಸಿಕ್ಕಿಕೊಂಡ ತೋಟಾದಂತೆಯೇ ನಳಿಗೆಯನ್ನು ಸಿಡಿಸಬಲ್ಲದು. ಈಡು ಹಾರದಿದ್ದರೆ ಕೋವಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾದು ಬಿಚ್ಚಬೇಕು. ಮುಂದಿನ ತೋಟಾ ಹಾಕುವ ಮುನ್ನ ಮೊದಲಿನದು ಹೊರಬಂದಿದೆಯೇ ಎಂದು ಕಣ್ಣಾರೆ ನೋಡಬೇಕು.

ಕಾನೂನು

1959ರ ಶಸ್ತ್ರಾಸ್ತ್ರ ಕಾಯಿದೆ ಕೋವಿಗೆ ಮಾತ್ರವಲ್ಲ, ಮದ್ದುಗುಂಡಿಗೂ ಅನ್ವಯಿಸುತ್ತದೆ. ಕೋವಿಯ ಬಗೆ, ಬೋರ್ ಮತ್ತು ಹೊಂದಬಹುದಾದ ತೋಟಾಗಳ ಪ್ರಮಾಣ ಪರವಾನಗಿಯಲ್ಲಿ ನಮೂದಾಗಿರುತ್ತವೆ. ಪರವಾನಗಿಯಲ್ಲಿಲ್ಲದ ಬೋರಿನ ತೋಟಾ ಮನೆಯಲ್ಲಿದ್ದರೆ, ಅದನ್ನು ಹಾರಿಸದಿದ್ದರೂ ಅಪರಾಧವಾಗುತ್ತದೆ.