ಅಂಗನವಾಡಿಗೆ ಬಂತು ಎಲ್‌ಕೆಜಿ: ನಗರದ ಮಗುವಿಗೆ ದಕ್ಕುವುದೆಷ್ಟು?

ಬೆಂಗಳೂರು ಉತ್ತರದ ಸಂಜಯನಗರದಲ್ಲಿ ಶಾಲಾಪೂರ್ವ ಶಿಕ್ಷಣಕ್ಕೆ ಕೊರತೆಯಿದೆ ಎಂದರೆ ಯಾರೂ ನಂಬಲಾರರು. ಮುಖ್ಯರಸ್ತೆಯಿಂದ ಅಡ್ಡರಸ್ತೆಗೆ ತಿರುಗಿದರೆ ಸಾಕು, ಬಣ್ಣಬಣ್ಣದ ಗೋಡೆಗಳ ಖಾಸಗಿ ಶಿಶುವಿಹಾರಗಳು ಕಣ್ಣಿಗೆ ಬೀಳುತ್ತವೆ. ಆದರೆ ಇದೇ ಬಡಾವಣೆಯ ಮನೆಗಳಿಗೆ ಪಾತ್ರೆ ತೊಳೆಯಲು, ಅಡುಗೆ ಮಾಡಲು, ಕಾವಲು ಕಾಯಲು ಬರುವವರ ಮಕ್ಕಳಿಗೆ ಆ ಶುಲ್ಕ ಎಟುಕದು. ಮೂರು ತುಂಬಿದ ಆ ಮಗು ಒಂದನೇ ತರಗತಿಯವರೆಗಿನ ಮೂರು ವರ್ಷಗಳನ್ನು ಎಲ್ಲಿ ಕಳೆಯಬೇಕು? ಸರಕಾರ ಹಲವು ವರ್ಷಗಳಿಂದ ಉತ್ತರ ಹುಡುಕುತ್ತಿರುವುದು ಈ ಪ್ರಶ್ನೆಗೆ.

ಗೊಂದಲದ ಬೇರು ಕಾನೂನಿನಲ್ಲೇ ಇದೆ. 2002ರ 86ನೇ ಸಂವಿಧಾನ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರು ವರ್ಷದೊಳಗಿನ ಮಕ್ಕಳನ್ನು ಮಾತ್ರ 45ನೇ ವಿಧಿಯ ನಿರ್ದೇಶಕ ತತ್ತ್ವಕ್ಕೆ ಬಿಟ್ಟಿತು. ಅಂದರೆ ರಾಜ್ಯ 'ಪ್ರಯತ್ನಿಸಬೇಕು', ಅಷ್ಟೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 11ನೇ ಕಲಂ ಕೂಡ ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ ಸರಕಾರ ವ್ಯವಸ್ಥೆ 'ಮಾಡಬಹುದು' ಎನ್ನುತ್ತದೆಯೇ ಹೊರತು 'ಮಾಡತಕ್ಕದ್ದು' ಎನ್ನುವುದಿಲ್ಲ. ಈ ಒಂದು ಕ್ರಿಯಾಪದದ ಅಂತರದಲ್ಲಿ ಲಕ್ಷಾಂತರ ಮಕ್ಕಳ ಬಾಲ್ಯವಿದೆ!

ಅದೇ ಕಾಯಿದೆ ನಗರದ ಬಡ ಕುಟುಂಬಗಳಿಗೆ ಇನ್ನೊಂದು ಬಾಗಿಲನ್ನು ತೆರೆದಿತ್ತು. ಖಾಸಗಿ ಶಾಲೆಗಳ ಶೇ.25ರಷ್ಟು ಸೀಟುಗಳ ಮೀಸಲಾತಿ ಕರ್ನಾಟಕದಲ್ಲಿ ಎಲ್‌ಕೆಜಿಯಿಂದಲೇ ಅನ್ವಯವಾಗುತ್ತಿತ್ತು. 2019ರಲ್ಲಿ ಆ ಬಾಗಿಲು ಬಹುಪಾಲು ಮುಚ್ಚಿತು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದು ರಾಜ್ಯ ನಿಯಮ ತಿದ್ದಿತು; ಹೈಕೋರ್ಟೂ ಅದೇ ವರ್ಷ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸರಕಾರಿ ಶಾಲೆಗಳಿಗೆ ಮಕ್ಕಳು ಬರಲಿ ಎಂಬ ಉದ್ದೇಶ ಸರಿಯೇ. ಆದರೆ ಆ ಶಾಲೆಗಳಲ್ಲಿ ಹೆಚ್ಚಿನವುಗಳಲ್ಲಿ ತರಗತಿ ಆರಂಭವಾಗುತ್ತಿದ್ದುದೇ ಒಂದರಿಂದ. ಎಲ್‌ಕೆಜಿ ಸೀಟು ಕಳೆದುಕೊಂಡ ಮಗುವಿಗೆ ಪರ್ಯಾಯವೆಂದರೆ ಅಂಗನವಾಡಿ ಮಾತ್ರ.

ಇಬ್ಬರು ಯಜಮಾನರು

ಅಂಗನವಾಡಿ ಹುಟ್ಟಿದ್ದು ಪಾಠಶಾಲೆಯಾಗಿ ಅಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ತಿ.ನರಸೀಪುರ; ಅಲ್ಲಿ 100 ಕೇಂದ್ರಗಳು. ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ ಮುಂತಾದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಇವು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧೀನ. ಒಂದನೇ ತರಗತಿ ಮಾತ್ರ ಶಾಲಾ ಶಿಕ್ಷಣ ಇಲಾಖೆಯದು.

ಹೀಗಾಗಿ ಮೂರರಿಂದ ಆರರವರೆಗಿನ ಮಗುವಿಗೆ ಇಬ್ಬರು ಯಜಮಾನರು. ಶಿಕ್ಷಣ ಇಲಾಖೆ 2019–20ರಲ್ಲಿ 276 ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಿತು. ತಮ್ಮ ಕೇಂದ್ರಗಳು ಖಾಲಿಯಾಗುತ್ತವೆಂಬ ಆತಂಕದಿಂದ ಅಂಗನವಾಡಿ ಕಾರ್ಯಕರ್ತೆಯರು ಅದೇ ವರ್ಷದ ಡಿಸೆಂಬರಿನಲ್ಲಿ ತುಮಕೂರಿನಿಂದ ಬೆಂಗಳೂರಿನತ್ತ ಹೊರಟರು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಿಗೆ ಈ ತರಗತಿಗಳನ್ನು ವಿಸ್ತರಿಸಲು ಹೊರಟಾಗ ಮತ್ತೆ ಪ್ರತಿಭಟನೆ. ಅವರ ಆತಂಕವನ್ನು ಕೇವಲ ನೌಕರಿಯ ಚಿಂತೆ ಎಂದು ತಳ್ಳಿಹಾಕುವಂತಿಲ್ಲ. ಮಕ್ಕಳಿಲ್ಲದ ಕೇಂದ್ರ ಮುಚ್ಚಿದರೆ ಗರ್ಭಿಣಿ, ಬಾಣಂತಿಯರಿಗೆ ಅಲ್ಲಿಂದ ಸಿಗುವ ಸೇವೆಗೂ ಸಂಚಕಾರ.

ಕೊನೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ್ ಅವರ ಇಲಾಖೆ ಅಂಗನವಾಡಿಯಲ್ಲೇ ಎಲ್‌ಕೆಜಿ, ಯುಕೆಜಿ ನಡೆಸುವ ದಾರಿ ಹಿಡಿಯಿತು. 2024ರ ಜುಲೈನಲ್ಲಿ 'ಸರಕಾರಿ ಮಾಂಟೆಸ್ಸೊರಿ' ಎಂಬ ಹೆಸರಿನಲ್ಲಿ ಇದು ಮೊದಲಾದದ್ದು ಬೆಂಗಳೂರಿನ 250 ಕೇಂದ್ರಗಳಲ್ಲಿ. ಹೆಸರಿನ ಆಯ್ಕೆಯೇ ಸೂಚಕ. 'ಚಿಲಿಪಿಲಿ' ಎಂಬ ಆಟ-ಪಾಠದ ಪಠ್ಯಕ್ರಮ ಅಂಗನವಾಡಿಗಳಲ್ಲಿ ಮೊದಲಿನಿಂದಲೂ ಇತ್ತು. ಆದರೆ ನಗರದ ತಾಯ್ತಂದೆಯರು ಬಯಸುವುದು ಇಂಗ್ಲಿಷ್, ಸಮವಸ್ತ್ರ ಮತ್ತು ಎಲ್‌ಕೆಜಿ ಎಂಬ ಮೂರಕ್ಷರ. ಸರಕಾರ ಅದನ್ನು ಅರಿತುಕೊಂಡಿದೆ. ಮಾರುಕಟ್ಟೆಯ ಭಾಷೆ ಆಡುವುದರಲ್ಲಿ ತಪ್ಪೇನಿಲ್ಲ.

ಕೋಣೆ ಒಂದು, ಕೆಲಸ ಹಲವು

ಕಷ್ಟ ಇರುವುದು ಕೋಣೆಯೊಳಗೆ. ಹಳ್ಳಿಯಲ್ಲಿ ಅಂಗನವಾಡಿಗೆ ಸ್ವಂತ ಕಟ್ಟಡಕ್ಕೆ ಜಾಗ ಸಿಗಬಹುದು. ಭೂಪಸಂದ್ರ, ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿಗಳು ಹಳ್ಳಿಗಳಾಗಿದ್ದ ಕಾಲ ಎಂದೋ ಹೋಯಿತು. ಅಲ್ಲಿ ಈಗ ಅಡಿ ಲೆಕ್ಕದಲ್ಲಿ ಭೂಮಿ ಮಾರಾಟವಾಗುತ್ತದೆ. ನಗರದ ಅನೇಕ ಕೇಂದ್ರಗಳು ಬಾಡಿಗೆ ಕೋಣೆಗಳಲ್ಲಿವೆ. ಸರಕಾರ ನಿಗದಿ ಮಾಡಿದ ಬಾಡಿಗೆಗೆ ಇಂತಹ ಬಡಾವಣೆಯಲ್ಲಿ ಎಂತಹ ಕೋಣೆ ಸಿಕ್ಕೀತು ಎಂಬುದನ್ನು ಮನೆ ಹುಡುಕಿದ ಅನುಭವವಿರುವ ಓದುಗರೇ ಊಹಿಸಬಹುದು. ಅಲ್ಲೇ ದಾಸ್ತಾನು, ಅಲ್ಲೇ ಅಡುಗೆ, ಅಲ್ಲೇ ಮೂರು, ನಾಲ್ಕು, ಐದು ವರ್ಷದ ಮಕ್ಕಳೆಲ್ಲ ಒಟ್ಟಿಗೆ. ಎಲ್‌ಕೆಜಿ, ಯುಕೆಜಿ ಎಂದು ಗೋಡೆಯ ಮೇಲೆ ಬರೆದ ಮಾತ್ರಕ್ಕೆ ಎರಡು ತರಗತಿಗಳಾಗುವುದಿಲ್ಲ.

ಕಲಿಸಬೇಕಾದವರ ಸಮಯದ್ದೂ ಇದೇ ಕಥೆ. ತೂಕ, ಎತ್ತರ ಅಳೆದು ಮೊಬೈಲಿನ 'ಪೋಷಣ್ ಟ್ರ್ಯಾಕರ್'ಗೆ ಏರಿಸುವುದು, ಪಡಿತರ ಹಂಚಿಕೆ, ಮನೆ ಭೇಟಿ, ಸಮೀಕ್ಷೆ ಎಲ್ಲವೂ ಒಬ್ಬ ಕಾರ್ಯಕರ್ತೆಯ ಹೆಗಲಿಗೆ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಪರಿಷ್ಕರಿಸಿದ ಮಾಸಿಕ ಗೌರವಧನ 4,500 ರೂಪಾಯಿ. ರಾಜ್ಯ ತನ್ನ ಪಾಲನ್ನು ಸೇರಿಸಿಯೇ ಕೊಡುತ್ತದೆ, 2025–26ರ ಬಜೆಟ್ಟಿನಲ್ಲಿ ಇನ್ನೂ 1,000 ರೂಪಾಯಿ ಹೆಚ್ಚಿಸಿತು. ಆದರೂ ಅದು ವೇತನವಲ್ಲ, ಗೌರವಧನವೇ. ಕೇಂದ್ರದ 'ಪೋಷಣ್ ಭಿ ಪಢಾಯಿ ಭಿ' ಯೋಜನೆ 2023ರಿಂದ ಇವರಿಗೆ ಬೋಧನೆಯ ತರಬೇತಿ ಕೊಡುತ್ತಿದೆ. ತರಬೇತಿಗಿಂತ ಮೊದಲು ಬೇಕಾದದ್ದು ಬೆಳಗಿನ ಎರಡು ಗಂಟೆಯಾದರೂ ಬೇರೆ ಕೆಲಸವಿಲ್ಲದ ಬಿಡುವು.

ಇದೆಲ್ಲ ಈಗೇಕೆ ತುರ್ತು? ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮದಿಂದಾಗಿ. 2025ರ ಏಪ್ರಿಲಿನಲ್ಲಿ ಸರಕಾರ 2025–26ನೇ ಸಾಲಿಗೆ 5 ವರ್ಷ 5 ತಿಂಗಳ ಸಡಿಲಿಕೆ ಕೊಟ್ಟಾಗ ಯುಕೆಜಿ ಮುಗಿಸಿರಬೇಕೆಂಬ ಷರತ್ತು ಹಾಕಿತು. ಕಡ್ಡಾಯವಲ್ಲದ ಶಿಕ್ಷಣ ಪ್ರವೇಶಕ್ಕೆ ಅರ್ಹತೆಯಾಗಿ ಬಂದದ್ದು ಹೀಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿದೆ.

ಇನ್ನೊಂದು ತೊಡಕು ಗಡಿಯಾರದ್ದು. ಮನೆಗೆಲಸದ ಹೆಂಗಸು ಬೆಳಿಗ್ಗೆ ಏಳಕ್ಕೇ ಮನೆ ಬಿಡುತ್ತಾಳೆ. ಅಂಗನವಾಡಿ ತೆರೆಯುವುದು ಆಮೇಲೆ, ಮುಚ್ಚುವುದು ಅವಳು ಮರಳುವ ಮೊದಲೇ. ದುಡಿಯುವ ತಾಯಂದಿರಿಗಾಗಿ ರಾಜ್ಯ 2023–24ರಲ್ಲಿ ಪ್ರಕಟಿಸಿದ 'ಕೂಸಿನ ಮನೆ' 4,000 ಗ್ರಾಮ ಪಂಚಾಯಿತಿಗಳಿಗಾಗಿ ರೂಪಿಸಿದ್ದು. ಸಂಜಯನಗರ ಯಾವ ಗ್ರಾಮ ಪಂಚಾಯಿತಿಗೂ ಸೇರಿಲ್ಲ.